ಮೊಣಕಾಲ ಮೇಲಿನ ಕೈ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹಾಡಿನ ಬಗ್ಗೆ ಬರೆಯುವ ಅರ್ಹತೆ ನನಗಿಲ್ಲ. ಹಗಲು ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತ, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು ನಾನು. ಅದರಲ್ಲೂ ಇತಿಹಾಸ ಒಂದೇ ಸಲಕ್ಕೆ ಪಾಸಾಗಲಿಲ್ಲ. ನಮ್ಮ ಮೇಳದಲ್ಲಿ ನನ್ನ ಕೆಲಸ ತಾಳ ಹಾಕುವುದು. ಅದನ್ನೂ ದೌಲಪ್ಪ ಕಾಕಾ ಕಣ್ಣು ದೊಡ್ಡದು ಮಾಡಿದಾಗಲೆಲ್ಲ ತಿದ್ದಿಕೊಳ್ಳುತ್ತ ಬಂದಿದ್ದೇನೆ. ಆದರೂ ಬರೆಯುತ್ತಿದ್ದೇನೆ. ಆ ಸಂಜೆ ನಡೆದದ್ದೇ ಒಂದು, ಮಂದಿಯ ಮೊಬೈಲಿನಲ್ಲಿ ಓಡಾಡಿದ್ದೇ ಇನ್ನೊಂದು. ತಿಳಿದವರು ಯಾರಾದರೂ ಬರೆಯಬಹುದು ಎಂದು ಕಾದೆ. ಯಾರೂ ಬರೆಯಲಿಲ್ಲ. ತಪ್ಪು ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮದು ಕಮಲಾಪುರದ ತತ್ವಪದದ ಮೇಳ. ನಾಲ್ಕೇ ಮಂದಿ. ಮುಂದೆ ಹಾಡುವವಳು ನನ್ನ ಚಿಗವ್ವ ಜಯದೇವಿ. ಹಿಂದೆ ಹಾಡುವವಳು ಇಮಾಮಬಿ ಖಾಲಾ. ಪೇಟಿ, ಎಂದರೆ ಹಾರ್ಮೋನಿಯಂ, ಬಾರಿಸುವುದು ದೌಲಪ್ಪ ಕಾಕಾ. ನಾನು ಆಗಲೇ ಹೇಳಿದ ಹಾಗೆ ತಾಳ. ಅಮಾವಾಸ್ಯೆಗೆ ಮಠದಲ್ಲಿ ಭಜನೆ ಇದ್ದಾಗ ಕಲಬುರಗಿಯಿಂದ ಬಸ್ಸು ಹತ್ತಿ ಹೋಗುತ್ತೇನೆ.

ಚಿಗವ್ವ ಮತ್ತು ಖಾಲಾ ಹಾಡುವ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಚಿಗವ್ವ ಏಕತಾರಿಯನ್ನು ಬಲಗೈಯಲ್ಲಿ ಹಿಡಿದು ಅದೇ ಕೈಯ ಬೆರಳಿನಿಂದ ಮೀಟುತ್ತಾಳೆ. ಎಡಗೈ ಖಾಲಾಳ ಮೊಣಕಾಲ ಮೇಲಿರುತ್ತದೆ. ಸಾಲನ್ನು ಎಷ್ಟು ಎಳೆಯುವುದು, ಎಲ್ಲಿ ಬಿಡುವುದು ಎಂಬುದು ಚಿಗವ್ವನಿಗೂ ಮೊದಲೇ ಗೊತ್ತಿರುವುದಿಲ್ಲ. ಬಿಡುವ ಹೊತ್ತಿಗೆ ಮೊಣಕಾಲು ಒತ್ತುತ್ತಾಳೆ. ಒತ್ತಿದ ಕೂಡಲೇ ಖಾಲಾ ಸಾಲಿನ ತುದಿಯನ್ನು ಎತ್ತಿಕೊಳ್ಳುತ್ತಾಳೆ. ಚಿಗವ್ವನ ಕೊನೆಯ ಅಕ್ಷರ ಇನ್ನೂ ಬಾಯಲ್ಲಿರುವಾಗಲೇ ಖಾಲಾಳ ಮೊದಲ ಅಕ್ಷರ ಬಂದು ಅದರ ಮೇಲೆ ಕೂತಿರುತ್ತದೆ. ಇದಕ್ಕೆ ನಮ್ಮ ಮೇಳದಲ್ಲಿ ಬಾಲ ತುಳಿಯುವುದು ಎನ್ನುತ್ತೇವೆ. ಇಬ್ಬರ ನಡುವೆ ಉಸಿರಾಡಲು ಜಾಗವಿಲ್ಲ. ಹಾಡು ಹರಿದು ಬರುತ್ತದೆ, ಎಲ್ಲಿಯೂ ಗಂಟು ಕಾಣುವುದಿಲ್ಲ. ಇಬ್ಬರೂ ಹುಡುಗಿಯರಿದ್ದಾಗಿನಿಂದ ಹೀಗೇ ಹಾಡಿದವರು.

ಹೋದ ವರ್ಷ ದಸರಾ ಮುಗಿದ ಮೇಲೆ ಒಂದು ಟಿವಿ ಚಾನೆಲ್ಲಿನವರಿಂದ ಫೋನು ಬಂತು. ಕಲಬುರಗಿಯ ಮೈದಾನದಲ್ಲಿ ದೊಡ್ಡ ಕಾರ್ಯಕ್ರಮ, ರಾಜ್ಯಕ್ಕೆಲ್ಲ ನೇರ ಪ್ರಸಾರ, ನಿಮ್ಮ ಮೇಳ ಒಂದು ಪದ ಹಾಡಬೇಕು. ಮಾತಾಡಿದವಳು ಅಂಜನಾ ಎಂಬ ಹುಡುಗಿ, ಕುಸನೂರದವಳು, ಚಾನೆಲ್ಲಿಗಾಗಿ ತಂಡಗಳನ್ನು ಕೂಡಿಸುವ ಕೆಲಸ ಅವಳದು. ಓದಿದವನು ಎಂಬ ಕಾರಣಕ್ಕೆ ಮೇಳದ ಪರವಾಗಿ ಅವಳೊಡನೆ ಮಾತಾಡುವುದು ನನ್ನ ಪಾಲಿಗೆ ಬಂತು.

ಎಲ್ಲರಿಗಿಂತ ಹೆಚ್ಚು ಕುಣಿದಾಡಿದವನು ಖಾಲಾಳ ಮಗ ತಾರಿಖ್. ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರು ಅವನದು ಕೆಂಪು ಬಾಳೆಹಣ್ಣಿನ ಅಂಗಡಿ. ಹಗಲು ಬಸ್ಸಿನ ಕಿಟಕಿಗೆ ಹಣ್ಣು ಮಾರುತ್ತಾನೆ, ರಾತ್ರಿ ಹೈದರಾಬಾದಿಗೆ ಲೋಡು ತುಂಬಿಸುತ್ತಾನೆ. ಭಜನೆ ನಡೆಯುವ ಹೊತ್ತಿಗೆ ಅವನು ಗಾಡಿಯ ಮೇಲಿರುತ್ತಾನೆ. ಹೀಗಾಗಿ ತಾಯಿ ಹಾಡುವುದನ್ನು ಅವನು ಒಮ್ಮೆಯೂ ಕೂತು ಕೇಳಿದ್ದಿಲ್ಲ. ಊರೆಲ್ಲ ಕೇಳಿದೆ, ಅವನೊಬ್ಬ ಕೇಳಿಲ್ಲ.

"ಈ ಸಲ ಬೈಠ್ ಕೋ ಸುನ್ತೂಂ ಅಮ್ಮೀ ಅಂದಾನ," ಎಂದು ಖಾಲಾ ನನಗೆ ಹೇಳಿದಳು. "ಕುಂತು ಕೇಳ್ತಾನಂತ. ಅಂಗಡಿ ಮುಂದ ದೊಡ್ಡ ಟಿವಿ ತಂದು ಇಡ್ತಾನಂತ. ಬಸ್ಸಿನ ಮಂದಿಗೆಲ್ಲ ಹೇಳ್ಲಕತ್ತಾನ, ಹುಚ್ಚ."

ಹುಚ್ಚ ಎನ್ನುವಾಗ ಅವಳ ಮುಖದಲ್ಲಿದ್ದ ಸಂತೋಷವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಕೆಲವು ದಿನಗಳಲ್ಲಿ ಅಂಜನಾ ನಮ್ಮನ್ನು ಕಲಬುರಗಿಯ ಒಂದು ಸ್ಟುಡಿಯೋಕ್ಕೆ ಕರೆಸಿದಳು. ತಾಲೀಮು ಇರಬೇಕು ಎಂದುಕೊಂಡು ಹೋದೆವು. ಮೊಬೈಲ್ ಅಂಗಡಿಯ ಮೇಲಿನ ಕೋಣೆ, ಗೋಡೆಗೆಲ್ಲ ಸ್ಪಂಜು, ನಡುವೆ ಗಾಜು. ಗಾಜಿನ ಆಚೆ ದಾನಿಶ್ ಎಂಬ ಹುಡುಗ ಯಂತ್ರಗಳ ಮುಂದೆ ಕೂತಿದ್ದ. ಒಬ್ಬೊಬ್ಬರೇ ಒಳಗೆ ಬನ್ನಿ ಎಂದ.

"ಒಬ್ಬೊಬ್ಬರ?" ಎಂದಳು ಚಿಗವ್ವ.

"ಹೌದ್ರಿ ಅವ್ವಾರೆ. ಮೊದಲ ನೀವು. ಆಮೇಲ ಖಾಲಾ ನಿಮ್ಮ ದನಿ ಕಿವ್ಯಾಗ ಕೇಳ್ಕೊಂತ ಹಾಡ್ತಾರ. ನಾನು ಎರಡೂ ಕೂಡಸ್ತೀನಿ."

ಚಿಗವ್ವ ಒಳಗೆ ಹೋಗಿ ಕೂತಳು. ಏಕತಾರಿ ಬಲಗೈಯಲ್ಲಿತ್ತು. ಎಡಗೈ ಗಾಳಿಯಲ್ಲಿ ನಿಂತಿತು. ಗಾಜಿನ ಒಳಗಿಂದಲೇ ಕೇಳಿದಳು: "ಈ ಕೈ ಎಲ್ಲಿ ಇಡ್ಲಿ?"

ದಾನಿಶ್‌ಗೆ ಅರ್ಥವಾಗಲಿಲ್ಲ. ಎಲ್ಲಿಯಾದರೂ ಇಡಿ ಎಂದ. ಅವಳು ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಟ್ಟಳು. ಸಾಲು ಬಿಡುವಾಗಲೆಲ್ಲ ಕುರ್ಚಿಯನ್ನು ಒತ್ತಿದಳು. ಕುರ್ಚಿ ಕಿರ್ ಎಂದಿತು. ಕುರ್ಚಿ ತೆಗೆಸಿದರು. ಕೊನೆಗೆ ತನ್ನ ಮೊಣಕಾಲನ್ನೇ ಒತ್ತಿಕೊಂಡು ಹಾಡಿ ಮುಗಿಸಿದಳು.

ಆಮೇಲೆ ಖಾಲಾ ಹೋದಳು. ಕಿವಿಗೆ ಹೆಡ್‌ಫೋನ್ ಹಾಕಿದರು. ಚಿಗವ್ವನ ದನಿ ಬಂತು, ಸಾಲು ಮುಗಿಯಿತು, ಖಾಲಾ ಬಾಯಿ ತೆರೆಯಲಿಲ್ಲ. ಮೊಣಕಾಲು ನೋಡಿಕೊಳ್ಳುತ್ತ ಕೂತಿದ್ದಳು. ನೆನಪಾದ ಮೇಲೆ ಎತ್ತಿಕೊಂಡಳು, ಅಷ್ಟರಲ್ಲಿ ಮುಂದಿನ ಸಾಲು ಶುರುವಾಗಿತ್ತು. ಮತ್ತೆ ಮಾಡಿಸಿದರು, ಮತ್ತೆ ತಡ. ಮತ್ತೆ ಮಾಡಿಸಿದರು. ನಾನು ಗಾಜಿನ ಹೊರಗೆ ನಿಂತು, ಎತ್ತಿಕೊಳ್ಳುವ ಜಾಗ ಬಂದಾಗ ಕೈ ಎತ್ತಿ ತೋರಿಸಿದೆ.

"ನೀ ಕೈ ಎತ್ತಬ್ಯಾಡ ಶಿವಲಿಂಗ," ಎಂದಳು ಖಾಲಾ. "ಬಸ್ಸು ನಿಂದ್ರಿಸಿದಂಗ ಕಾಣ್ತದ. ನನಗ ನಗಿ ಬರ್ತದ."

ಇಬ್ಬರನ್ನೂ ಕೂಡಿಯೇ ಕೂರಿಸಿ ಎಂದು ನಾನು ಕೇಳಿದೆ. ಒಂದೇ ಮೈಕಿನಲ್ಲಿ ಇಬ್ಬರ ದನಿ ಬಿದ್ದರೆ ಬೇರೆ ಮಾಡಲು ಬರುವುದಿಲ್ಲ ಎಂದ ದಾನಿಶ್. ಬೇರೆ ಯಾಕೆ ಮಾಡಬೇಕು ಎಂದು ಕೇಳಬೇಕಿತ್ತು. ಅವನಿಗೆ ಗೊತ್ತಿರುವ ಕೆಲಸ, ನನಗೇನು ಗೊತ್ತು ಎನಿಸಿ ಸುಮ್ಮನಾದೆ. ಕೊನೆಗೆ ಅವನು ಹೆಡ್‌ಫೋನ್ ತೆಗೆದಿಟ್ಟು, "ಆಯ್ತು ಖಾಲಾ, ನಾನು ಅಡ್ಜಸ್ಟ್ ಮಾಡ್ತೀನಿ, ಮನಿಗಿ ಹೋಗ್ರಿ," ಎಂದ.

ಮೆಟ್ಟಿಲಿಳಿಯುವಾಗ ಅಂಜನಾ ಹೇಳಿದಳು: "ಈ ಟ್ರ್ಯಾಕೇ ಅವತ್ತು ಹಚ್ತೀವಿ. ನೀವು ಬಾಯಿ ಆಡಿಸಿದ್ರ ಸಾಕು."

ದೌಲಪ್ಪ ಕಾಕಾ ಮೆಟ್ಟಿಲ ಮೇಲೆಯೇ ನಿಂತ. "ಅಂದ್ರ ಅವತ್ತು ನಾವು ಹಾಡೂದಿಲ್ಲ?"

"ಹಾಡ್ರಿ ಕಾಕಾ, ಯಾರು ಬ್ಯಾಡ ಅಂದಾರ. ಕೇಳಸಂಗಿಲ್ಲ ಅಷ್ಟೇ."

ಬಸ್ಸಿನಲ್ಲಿ ಕಮಲಾಪುರ ಬರುವ ತನಕ ಕಾಕಾ ಒಂದೇ ಸಮನೆ ಗೊಣಗಿದ. ನೇರ ಪ್ರಸಾರ ಅಂತಾರ, ಯಾವುದು ನೇರ, ನಮ್ಮ ಕುಂಡಿ ಕುರ್ಚಿ ಮ್ಯಾಲ ಇರೂದು ಅಷ್ಟೇ ನೇರ ಎಂದ. ಅವನನ್ನು ಸಮಾಧಾನ ಮಾಡಿದವಳು ಖಾಲಾ.

"ಇರ್ಲಿ ತಗೊ ದೌಲಪ್ಪ. ಅವತ್ತು ಹಾಡಿದ್ರೇನು, ಇವತ್ತು ಹಾಡಿದ್ರೇನು. ದನಿ ನಂದೇ ಅಲ್ಲ? ತಾರಿಖ್ ಕೇಳ್ತಾನ, ಸಾಕು."

ಕಾರ್ಯಕ್ರಮಕ್ಕೆ ಒಂದು ವಾರ ಇದ್ದಾಗ, ಬಾಯಿ ಆಡಿಸುವ ಅಭ್ಯಾಸ ಮಾಡಿಕೊಳ್ಳಿ ಎಂದು ಅಂಜನಾ ಟ್ರ್ಯಾಕನ್ನು ನನ್ನ ವಾಟ್ಸಾಪಿಗೆ ಕಳಿಸಿದಳು. ಅಂಗಡಿಯಲ್ಲಿ ಗಿರಾಕಿ ಕಡಿಮೆಯಿದ್ದ ಹೊತ್ತು ನೋಡಿ, ಇಳಕಲ್ ಸೀರೆಗಳ ಕಪಾಟಿನ ಹಿಂದೆ ನಿಂತು ಕಿವಿಗೆ ಹಿಡಿದೆ.

ಚಿಗವ್ವನ ದನಿ ಬಂತು. ಬಾವಿ ತೋಡಿದವರೊಬ್ಬರು, ನೀರ ಸೇದಿದವರೊಬ್ಬರು, ಹಗ್ಗ ಯಾರದೋ ತಂಗಿ. ಸಾಲು ಪೂರ್ತಿ ಮುಗಿಯಿತು. ಆಮೇಲೆ ಹಗ್ಗ ಯಾರದೋ ಎಂದು ಹಿಂದಿನ ದನಿ ಬಂತು. ತೆಳ್ಳಗೆ, ಸಿಹಿಯಾಗಿ, ಅಳತೆಗೆ ಸರಿಯಾಗಿ. ಒಬ್ಬರು ಬಾಗಿಲು ಮುಚ್ಚಿಕೊಂಡು ಹೋದ ಮೇಲೆ ಇನ್ನೊಬ್ಬರು ತೆರೆದುಕೊಂಡು ಬಂದ ಹಾಗೆ.

ಅದು ಖಾಲಾ ಅಲ್ಲ ಎನಿಸಿತು. ಎನಿಸಿದ ಮರುಕ್ಷಣ ನನ್ನ ಕಿವಿಯ ಮೇಲೆಯೇ ಸಂಶಯ ಬಂತು. ಯಂತ್ರದಲ್ಲಿ ದನಿಯನ್ನು ತೊಳೆದು ಹೀಗೆ ಮಾಡುತ್ತಾರೇನೋ, ನನಗೇನು ಗೊತ್ತು. ಮತ್ತೆ ಕೇಳಿದೆ. ಖಾಲಾಳ ದನಿಯಲ್ಲಿ ಹಗ್ಗ ಎನ್ನುವಾಗ ಒಂದು ಒರಟು ಇರುತ್ತದೆ, ಬಾವಿಯ ಕಲ್ಲಿಗೆ ಹಗ್ಗ ಉಜ್ಜಿದ ಹಾಗೆ. ಅದು ಇಲ್ಲ. ಮಾಲೀಕರು ಕರೆದರು, ಹೋದೆ, ಗಿರಾಕಿಗೆ ಬೇರೆಯೇ ಬಣ್ಣದ ಸೀರೆ ತೋರಿಸಿದೆ, ಬೈಸಿಕೊಂಡೆ, ಮತ್ತೆ ಬಂದು ಕೇಳಿದೆ. ನನ್ನ ಮೇಲೆ ನಂಬಿಕೆ ಸಾಲದೆ ದೌಲಪ್ಪ ಕಾಕಾಗೆ ಕಳಿಸಿದೆ. ಅವನಿಂದ ದನಿ ಸಂದೇಶ ಬಂತು.

"ಇಕಿ ಇಮಾಮಬಿ ಆದ್ರ ನಾನು ನಿಜಾಮ."

ಮರುದಿನ ಊಟದ ರಜೆಯಲ್ಲಿ ಅಂಜನಾಳ ಆಫೀಸಿಗೆ ಹೋದೆ. ಐವಾನ್-ಎ-ಶಾಹಿ ಕಡೆ ಒಂದು ಬಾಡಿಗೆ ಮನೆ. ಮೇಜಿನ ಮೇಲೆ ಅವಳ ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು, ಎರಡು ಫೋನು ಒಂದರ ಹಿಂದೊಂದು ಬಡಿದುಕೊಳ್ಳುತ್ತಿದ್ದವು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಬರೆದುಕೊಂಡು ಹೋಗಿದ್ದೆ. ಎಲ್ಲ ಮರೆತು ಹೋಯಿತು.

"ಮೇಡಂ, ಹಿಂದಿನ ದನಿ ನಮ್ಮವರದಲ್ಲರಿ."

"ಹೌದ್ರಿ," ಎಂದಳು, ಮುಚ್ಚುಮರೆ ಏನೂ ಇಲ್ಲದೆ. "ಅವರದು ಪ್ರತಿ ಸಾಲಿಗೂ ತಡ ಆಗಿತ್ತು. ದಾನಿಶ್ ಕತ್ತರಿಸಿ ಕತ್ತರಿಸಿ ನೋಡಿದ, ಕೂಡಲಿಲ್ಲ. ಬ್ಯಾರೆಯವರ ಕಡಿಂದ ಹಾಡಿಸಿ ಕೂಡಸಿದ್ವಿ."

"ಒಂದು ಮಾತು ಕೇಳಬೇಕಿತ್ತಲ್ಲರಿ."

"ಎಷ್ಟು ಮಂದಿಗಿ ಕೇಳ್ಲಿ ಶಿವಲಿಂಗ ಅವರೇ? ಡೊಳ್ಳಿನವರು ಅಲ್ಲಿ ಕುಂತಾರ, ಹಲಗಿಯವರು ಬಸ್ ಸಿಕ್ಕಿಲ್ಲ ಅಂತ ಫೋನ್ ಮಾಡ್ಲಕತ್ತಾರ. ದೊಡ್ಡ ದೊಡ್ಡ ಸಿಂಗರ್ಸ್ ಬರ್ತಾರಲ್ಲ, ಅವರದೂ ಟ್ರ್ಯಾಕೇ. ಅವರು ಏನಾರ ಅಂದಾರೇನು?"

"ಅವರದು ಅವರದೇ ದನಿ ಅಲ್ಲೇನ್ರಿ."

ಅವಳು ಬಡಿದುಕೊಳ್ಳುತ್ತಿದ್ದ ಒಂದು ಫೋನನ್ನು ಬೋರಲು ಹಾಕಿದಳು. ಅದನ್ನು ಕಂಡು ನನಗೆ ಸ್ವಲ್ಪ ಧೈರ್ಯ ಬಂತು. ಇಬ್ಬರನ್ನೂ ಒಂದೇ ಕಡೆ ಕೂರಿಸಿ ಮತ್ತೆ ರೆಕಾರ್ಡ್ ಮಾಡಿ ಎಂದೆ. ಫೈಲು ಬೆಂಗಳೂರಿಗೆ ಹೋಗಿ ಲಾಕ್ ಆಗಿದೆ ಎಂದಳು. ಹಾಗಾದರೆ ಅವತ್ತು ಖಾಲಾಳ ಮೈಕು ಒಂದನ್ನಾದರೂ ಹಚ್ಚಿ ಎಂದೆ. ಮೈಕಿಗೆ ವೈರೇ ಇರುವುದಿಲ್ಲ ಎಂದಳು. ಹಾಗಾದರೆ ಖಾಲಾ ಬರುವುದೇ ಯಾಕೆ ಬೇಕು ಎಂದೆ.

"ಅವರ ಮುಖ ಭಾಳ ಚಂದ ಅದರಿ," ಎಂದಳು, ನಿಜವಾಗಿಯೂ ಮೆಚ್ಚಿಕೊಂಡು. "ಕ್ಯಾಮೆರಾದವರು ಆಗಲೇ ಹೇಳ್ಯಾರ, ಆ ಅಜ್ಜೀದು ಕ್ಲೋಸಪ್ ಬೇಕೇ ಬೇಕಂತ."

ಅವಳು ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು.

"ನಾನೂ ಕುಸನೂರದಾಕಿನೇರಿ. ನಮ್ಮ ಅಜ್ಜಿ ಬೀಸೂ ಪದ ಹಾಡ್ತಿದ್ಲು. ನನಗೇನು ಗೊತ್ತಾಗಂಗಿಲ್ಲ ಅನಬ್ಯಾಡ್ರಿ. ಆದ್ರ ಅವತ್ತು ಒಂದು ಮೈಕು ಕುಂಯ್ ಅಂದ್ರ ನಾನು ಮನ್ಯಾಗ ಕುಂಡ್ರಬೇಕಾಗ್ತದ."

"ಹಾಡಿದಾಕಿ ಯಾರ್ರಿ?"

"ದಾನಿಶ್‌ಗೆ ಕೇಳಬೇಕು," ಎಂದು ಬಡಿದುಕೊಳ್ಳುತ್ತಿದ್ದ ಫೋನು ಎತ್ತಿಕೊಂಡಳು.

ದಾನಿಶ್‌ಗೆ ಕೇಳಿದೆ. ಹುಬ್ಬಳ್ಳಿಯ ಪರಿಚಯದವನೊಬ್ಬ ಫೈಲು ಕಳಿಸಿದ್ದ, ಅವನು ಯಾರಿಂದ ಹಾಡಿಸಿದನೋ ಗೊತ್ತಿಲ್ಲ ಎಂದ. ಹುಬ್ಬಳ್ಳಿಯವನ ನಂಬರಿಗೆ ಮಾಡಿದರೆ ಅವನು ಎತ್ತಲಿಲ್ಲ.

ಆ ಭಾನುವಾರ ಕಮಲಾಪುರಕ್ಕೆ ಹೋಗಿ ಹೇಳಿದೆ. ಹೇಳದೆ ಇರುವುದೇ ಒಳ್ಳೆಯದೇನೋ ಎಂದು ಬಸ್ಸಿನಲ್ಲಿ ಬಹಳ ಯೋಚಿಸಿದ್ದೆ. ಆದರೆ ಕೇಳಿಸದೆ ಬಾಯಿ ಆಡಿಸುವುದು ಹೇಗೆ. ಖಾಲಾ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು, ಚಿಗವ್ವನೂ ಅಲ್ಲಿಯೇ ಇದ್ದಳು. ಫೋನನ್ನು ಕಿವಿಗೆ ಹಿಡಿದು ಪದ ಮುಗಿಯುವ ತನಕ ಕೇಳಿದಳು. ಮೊರದಲ್ಲಿ ಆಡುತ್ತಿದ್ದ ಬೆರಳು ನಿಂತಿತ್ತು.

"ಇನ್ನೊಮ್ಮೆ ಹಚ್ಚು."

ಹಚ್ಚಿದೆ.

"ಛಲೋ ಹಾಡ್ಯಾಳ," ಎಂದಳು.

ಚಿಗವ್ವ ಎದ್ದು ನಿಂತಳು. "ಅಕ್ಕಾ, ನಾ ಹೋಗಂಗಿಲ್ಲ. ನೀನೂ ಹೋಗಬ್ಯಾಡ. ಇವರ ಟಿವಿಗಿ ಬೆಂಕಿ ಹತ್ತಲಿ."

"ಕುಂಡ್ರು ಜಯಾ. ಅಕಿ ಛಲೋ ಹಾಡ್ಯಾಳ, ಅದೇ ನನಗ ಸಿಟ್ಟು. ಕೆಟ್ಟ ಹಾಡಿದ್ರ ನಕ್ಕು ಬಿಡ್ತಿದ್ದೆ." ಮೊರದ ಜೋಳವನ್ನು ಒಮ್ಮೆ ಕೇರಿದಳು. "ಹೋಗಲಿಲ್ಲಂದ್ರ ತಾರಿಖ್‌ಗೆ ಏನಂತ ಹೇಳ್ಲಿ? ನಿಮ್ಮ ಅಮ್ಮಿ ದನಿ ಪಾಸಾಗಲಿಲ್ಲ ಅಂತನಾ? ಬಸ್ಸಿನ ಡ್ರೈವರ್‌ಗಳಿಗೆಲ್ಲ ಹೇಳಿ ಕುಂತಾನ."

"ಖಾಲಾ," ಎಂದೆ ನಾನು, "ಟಿವಿದು ಏನರ ಆಗ್ಲಿ. ಮನ್ಯಾಗ ಒಮ್ಮೆ ತಾರಿಖ್‌ಗೆ ಹಾಡಿ ಕೇಳಸ್ರಿ. ನಿಮ್ಮ ದನಿ ಯಾವುದಂತ ಅವನಿಗೆ ಗೊತ್ತಾಗ್ತದ."

ಅವಳು ನನ್ನನ್ನು, ಬಿ.ಎ. ಮಾಡಿ ಏನು ಕಲಿತೆಯೋ ಎನ್ನುವ ಹಾಗೆ ನೋಡಿದಳು. "ಒಬ್ಬಾಕಿ ಹ್ಯಾಂಗ ಹಾಡ್ಲೋ? ಬಾಲೇ ಇಲ್ಲಂದ್ರ ಏನ್ ತುಳೀಲಿ?"

ಚಿಗವ್ವ ಖಾಲಾಳ ಪಕ್ಕಕ್ಕೆ ಬಂದು ಕೂತಳು.

ಹೋಗುವುದೆಂದಾಯಿತು. ಖಾಲಾ ಮಾಡುವುದನ್ನು ಅಚ್ಚುಕಟ್ಟಾಗಿ ಮಾಡುವವಳು. ನಾನು ಕೊಟ್ಟುಬಂದ ಹಳೆಯ ಫೋನನ್ನು ಗೋಡೆಯ ಗೂಡಿನಲ್ಲಿಟ್ಟುಕೊಂಡು ಉಳಿದ ದಿನವೆಲ್ಲ ಬಾಯಿ ಆಡಿಸುವುದನ್ನು ಕಲಿತಳು. ಚಿಗವ್ವನ ಸಾಲು ಮುಗಿಯಬೇಕು, ಒಂದು ಉಸಿರು ಬಿಡಬೇಕು, ಆಮೇಲೆ ಬಾಯಿ. ಒತ್ತಿದರೆ ಎಲ್ಲ ಕೆಟ್ಟು ಹೋಗುತ್ತದೆಂದು ಅವತ್ತು ಚಿಗವ್ವ ಏಕತಾರಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕೆಂದು ಮಾತಾಯಿತು. "ಅಕಿ ಯಾರು ಅಂತ ಕೇಳು ಶಿವಲಿಂಗ," ಎಂದು ಖಾಲಾ ಎರಡು ಸಲ ಫೋನು ಮಾಡಿ ಹೇಳಿದಳು. "ಒಬ್ಬರ ದನಿ ಬಾಯಾಗ ಹಾಕ್ಕೋಬೇಕಾದ್ರ ಹೆಸರರ ಗೊತ್ತಿರಬೇಕು." ನಾನು ಹುಬ್ಬಳ್ಳಿಗೆ ಮಾಡುತ್ತಲೇ ಇದ್ದೆ, ಅವನು ಎತ್ತದೆ ಇರುತ್ತಲೇ ಇದ್ದ.

ಕಾರ್ಯಕ್ರಮದ ಸಂಜೆ ಮೈದಾನ ತುಂಬಿತ್ತು. ವೇದಿಕೆಯ ಹಿಂದಿನ ಡೇರೆಯಲ್ಲಿ ನಮ್ಮ ಮುಖಕ್ಕೆ ಏನೇನೋ ಬಳಿದರು. ಖಾಲಾಳ ಸುಕ್ಕುಗಳಿಗೆ ಮಾತ್ರ ಏನೂ ಬಳಿಯಬೇಡಿ, ಹಾಗೇ ಇರಲಿ ಎಂದು ಒಬ್ಬ ಬಂದು ಹೇಳಿಹೋದ. ದೌಲಪ್ಪ ಕಾಕಾಗೆ, ಪೇಟಿಯ ತಿದಿ ಒತ್ತಿರಿ, ಆದರೆ ಸ್ವರ ಹಿಡಿಯಬೇಡಿ ಎಂದರು.

"ಸ್ವರ ಹಿಡೀದೆ ಗಾಳಿ ಹೊಡದ್ರ ಬೀಸಣಿಗಿ ಆಗ್ತದರಿ."

"ಆಗ್ಲಿ ಕಾಕಾ. ಸೆಕಿ ಭಾಳ ಅದ."

ನನ್ನ ತಾಳಗಳ ಒಳಗೆ ಹತ್ತಿ ಅಂಟಿಸಿದರು. ಅಷ್ಟು ವರ್ಷದಲ್ಲಿ ನನ್ನ ತಾಳ ಒಮ್ಮೆಯೂ ತಪ್ಪದ ದಿನ ಅದೊಂದೇ. ನಮ್ಮೆಲ್ಲರ ಮುಂದೆ ಒಂದೊಂದು ಮೈಕು ನಿಲ್ಲಿಸಿದರು. ಅಂಜನಾ ಹೇಳಿದ್ದು ಸುಳ್ಳಲ್ಲ, ಯಾವುದಕ್ಕೂ ವೈರು ಇರಲಿಲ್ಲ.

ನಿರೂಪಕಿ ನಮ್ಮ ಹೆಸರು ಹೇಳಿದಳು. ಇಮಾಮಬಿ ಎಂದು ಅವಳು ಕೂಗಿದಾಗ ಜನ ಚಪ್ಪಾಳೆ ತಟ್ಟಿದರು. ತಾರಿಖ್ ತನ್ನ ಅಂಗಡಿಯ ಮುಂದೆ ಕೂತು ನೋಡುತ್ತಿದ್ದಾನೆ ಎಂಬುದು ನಮ್ಮ ನಾಲ್ವರಿಗೂ ಆ ಹೊತ್ತಿನಲ್ಲಿ ನೆನಪಾಗಿರಬೇಕು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿಂದ ಪದ ಶುರುವಾಯಿತು. ಚಿಗವ್ವ ಎರಡೂ ಕೈಯಲ್ಲಿ ಏಕತಾರಿ ಹಿಡಿದು ಬಾಯಿ ಆಡಿಸಿದಳು. ಸಾಲು ಮುಗಿಯಿತು, ಒಂದು ಉಸಿರು ಹೋಯಿತು, ಖಾಲಾ ಸರಿಯಾಗಿ ಬಾಯಿ ತೆರೆದಳು. ಟ್ರ್ಯಾಕಿನ ಆ ಹುಡುಗಿಯ ದನಿ ಅವಳ ಬಾಯಿಂದಲೇ ಬಂದ ಹಾಗಿತ್ತು. ಮೊದಲ ನುಡಿ ಸರಿಹೋಯಿತು. ಎರಡನೆಯದೂ ಸರಿಹೋಯಿತು. ಕೆಳಗೆ ಅಂಜನಾ ಹೆಬ್ಬೆರಳು ಎತ್ತಿ ತೋರಿಸಿದಳು. ನನಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ.

ಮೂರನೆಯ ನುಡಿಯಲ್ಲಿ ಚಿಗವ್ವನ ಎಡಗೈ ಏಕತಾರಿಯನ್ನು ಬಿಟ್ಟಿತು. ಬಿಟ್ಟು ಖಾಲಾಳ ಮೊಣಕಾಲ ಮೇಲೆ ಹೋಗಿ ಕೂತಿತು. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ಕಂಡೆ. ಸಾಲು ಇನ್ನೂ ಮುಗಿದಿರಲಿಲ್ಲ. ಕೈ ಒತ್ತಿತು.

ಖಾಲಾ ಹಾಡಿದಳು. ಬಾಯಿ ಆಡಿಸಲಿಲ್ಲ, ಹಾಡಿದಳು. ಚಿಗವ್ವನ ಕೊನೆಯ ಅಕ್ಷರದ ಮೇಲೆ ಬಂದು ಕೂತು, ಹಗ್ಗ ಯಾರದೋ ಎಂದು ಮಠದಲ್ಲಿ ಹಾಡುವಷ್ಟೇ ಗಟ್ಟಿಯಾಗಿ ಎತ್ತಿಕೊಂಡಳು. ಆ ಒರಟು ಅಲ್ಲಿಯೇ ಇತ್ತು. ನಮ್ಮ ಮೂವರಿಗೆ ಕೇಳಿಸಿತು. ಅವಳ ಹಿಂದೆಯೇ ಪೆಟ್ಟಿಗೆಗಳಿಂದ ಆ ಹುಡುಗಿ ಬಂದು ಅವಳನ್ನು ಮುಚ್ಚಿಬಿಟ್ಟಳು. ಅಲ್ಲಿಂದ ಕೊನೆಯ ತನಕ ಚಿಗವ್ವನ ಕೈ ಏಳಲಿಲ್ಲ, ಖಾಲಾ ಒಂದು ಬಾಲವನ್ನೂ ಬಿಡಲಿಲ್ಲ. ಕೆಂಪು ದೀಪದ ಕ್ಯಾಮೆರಾ ಅವಳ ಮುಖದ ಹತ್ತಿರ ಹತ್ತಿರ ಬಂತು. ವೇದಿಕೆಯ ಪಕ್ಕದ ದೊಡ್ಡ ಪರದೆಯಲ್ಲಿ ಅವಳ ಬಾಯಿ ದನಿಗಿಂತ ಮೊದಲೇ ತೆರೆಯುತ್ತಿತ್ತು, ದನಿ ಇನ್ನೂ ಬರುತ್ತಿರುವಾಗಲೇ ಮುಚ್ಚುತ್ತಿತ್ತು.

ಕೆಳಗಿಳಿದಾಗ ಅಂಜನಾ ಕಿವಿಯ ಯಂತ್ರ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು. ಸಿಟ್ಟಿಗಿಂತ ಅಳು ಹತ್ತಿರವಿತ್ತು. "ಖಾಲಾ, ಪ್ರಾಕ್ಟೀಸ್ ಮಾಡಿದ್ದಿಲ್ಲೇನ್ರಿ?"

"ಮಾಡಿದ್ದೆ ನಮ್ಮವ್ವ."

"ಮತ್ತ?"

"ಇಕಿ ಒತ್ತಿದ್ಲು."

"ನಾ ಏನ್ ಒತ್ತಿಲ್ಲ," ಎಂದಳು ಚಿಗವ್ವ, ಏಕತಾರಿಯ ಗವಸಣಿಗೆಯ ದಾರ ಕಟ್ಟುತ್ತ.

ಮರುದಿನ ಬೆಳಿಗ್ಗೆಯೊಳಗೆ ಖಾಲಾಳ ಮುಖದ ಆ ತುಣುಕು ಎಲ್ಲರ ಫೋನಿನಲ್ಲಿತ್ತು. ನಮ್ಮ ಅಂಗಡಿಯ ಹುಡುಗರೂ ನೋಡಿ ನಕ್ಕರು, ಆಮೇಲೆ ನಾನು ಪಕ್ಕದಲ್ಲಿ ಕೂತಿರುವುದನ್ನು ಗುರುತಿಸಿ ಇನ್ನಷ್ಟು ನಕ್ಕರು. ಅಜ್ಜಿ ಬಾಯಿ ಎಕ್ಸ್‌ಪ್ರೆಸ್, ದನಿ ಪ್ಯಾಸೆಂಜರ್ ಎಂದು ಯಾರೋ ಬರೆದಿದ್ದರು. ಮುದುಕಿಗೆ ಬಾಯಿ ಆಡಿಸಲೂ ಬರುವುದಿಲ್ಲ ಎಂದು ಇನ್ನೊಬ್ಬರು. ಪಾಪ, ಹಾಡು ಮಾತ್ರ ಜೇನು ಎಂದು ಮತ್ತೊಬ್ಬರು. ಅಷ್ಟು ಮಂದಿ ಅಷ್ಟು ಬರೆದರು, ಆ ದನಿ ಯಾರದು ಎಂದು ಒಬ್ಬರೂ ಕೇಳಲಿಲ್ಲ. ಅವರು ಅಲ್ಲಿ ನಿಜವಾಗಿ ಹಾಡುತ್ತಿದ್ದರು ಎಂದು ನಾನೂ ಬರೆದೆ. ಓದಿ ನೋಡಿದರೆ ನೆಪ ಹೇಳಿದ ಹಾಗೆ ಕಂಡಿತು. ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಸಾಕಾಗಿ ಹೋಯಿತು.

ರಜೆ ಹಾಕಿ ಕಮಲಾಪುರಕ್ಕೆ ಹೋದೆ. ತಾರಿಖ್ ಅಂಗಡಿಯಲ್ಲಿದ್ದ. ಬಾಡಿಗೆಗೆ ತಂದ ಟಿವಿ ಇನ್ನೂ ಗೊನೆಗಳ ನಡುವೆ ನಿಂತಿತ್ತು. ಖಾಲಾ ಒಳಗೆ ಹಣ್ಣಿನ ಕ್ರೇಟಿನ ಮೇಲೆ ಕೂತು ಬಾಳೆ ಎಲೆ ಮಡಚುತ್ತಿದ್ದಳು.

"ಶಿವಲಿಂಗಣ್ಣ," ಎಂದ ತಾರಿಖ್, ದನಿ ತಗ್ಗಿಸಿ. "ಅಮ್ಮಿ ದನಿ ಇಷ್ಟು ಮೆತ್ತಗದ ಅಂತ ನನಗ ಗೊತ್ತೇ ಇದ್ದಿಲ್ಲ. ಕಣ್ಣಾಗ ನೀರು ಬಂತು ಖರೇನ. ಬಾಯೇ ಜರಾ ಮುಂದ ಓಡ್ತು. ಮಂದಿ ನಗ್ಲಕತ್ತಾರ. ನೀವರ ಹಿಂದಿಂದ ಒಂದು ಮಾತು ಹೇಳಬೇಕಿತ್ತಲ್ಲ, ನಿಂದ್ರು ಅಮ್ಮೀ ಅಂತ."

ಖಾಲಾಗೆ ಕೇಳಿಸಿತು. ಎಲೆ ಮಡಚುವುದನ್ನು ನಿಲ್ಲಿಸಲಿಲ್ಲ. ನನಗೆ ಬಾಯಿ ತುದಿಗೆ ಮಾತು ಬಂದಿತ್ತು, ಅವಳ ಮುಖ ನೋಡಿ ನುಂಗಿದೆ. ಅವಳಿಗೆ ನಗುವವರ ಚಿಂತೆ ಇರಲಿಲ್ಲ. ಮಗನ ಕಣ್ಣಲ್ಲಿ ನೀರು ತರಿಸಿದವಳು ಬೇರೆಯವಳು, ಅಷ್ಟೇ.

ಆ ಹೊತ್ತಿಗೆ ಚಿಗವ್ವ ಬಂದಳು. ಹಣ್ಣು ಕೊಳ್ಳಲು ಬಂದವಳ ಹಾಗೆ ಬಂದು, ಹಣ್ಣು ಕೇಳದೆ, ಖಾಲಾಳ ಪಕ್ಕದ ಕ್ರೇಟನ್ನು ಕಾಲಿನಿಂದ ಎಳೆದುಕೊಂಡು ಕೂತಳು. ಏಕತಾರಿ ತಂದಿರಲಿಲ್ಲ.

"ಎಲಿ ಕೆಳಗ ಇಡು ಅಕ್ಕ," ಎಂದಳು.

"ಯಾಕ?"

"ಇಡು ಅಂದೆ."

ಎಡಗೈಯನ್ನು ಖಾಲಾಳ ಮೊಣಕಾಲ ಮೇಲಿಟ್ಟು ಬಾವಿ ತೋಡಿದವರೊಬ್ಬರು ಎಂದು ಎತ್ತಿದಳು. ನಡುಹಗಲು, ಬಸ್ ಸ್ಟ್ಯಾಂಡು, ತಾಳವಿಲ್ಲ, ಪೇಟಿಯಿಲ್ಲ. ಅದೇ ಹೊತ್ತಿಗೆ ಹುಮನಾಬಾದ ಕಡೆಯ ಬಸ್ಸು ಬಂದು ನಿಂತಿತು. ತಾರಿಖ್ ಅಭ್ಯಾಸದಂತೆ ಎರಡು ಚಿಪ್ಪು ಹಣ್ಣು ಎತ್ತಿಕೊಂಡು ಕಿಟಕಿಗಳತ್ತ ಓಡಿದ. ಚಿಗವ್ವ ನಿಲ್ಲಿಸಲಿಲ್ಲ. ಸಾಲನ್ನು ಎಳೆದಳು, ಅವನು ತಿರುಗಿ ಬರಲಿ ಎಂದೋ ಏನೋ, ಉಸಿರು ಇರುವ ತನಕ ಎಳೆದಳು. ಆಮೇಲೆ ಒತ್ತಿದಳು. ಖಾಲಾ ಬಾಲ ತುಳಿದು ಎತ್ತಿಕೊಂಡಳು. ಡ್ರೈವರ್ ಹಾರ್ನ್ ಒತ್ತಿದ. ಅದರ ಮೇಲೂ ಖಾಲಾ ಹಾಡಿದಳು. ಬಸ್ಸಿನ ಹಿಂದಿನ ಸೀಟಿನ ಹೆಂಗಸೊಬ್ಬಳು ಹಣ್ಣು ಕೈಯಲ್ಲಿ ಹಿಡಿದು ಅಂಗಡಿಯತ್ತ ನೋಡಿದಳು.

ನಾನು ಕೂತಲ್ಲಿಂದ ತಾರಿಖ್‌ನ ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ಕೈ ಕಿಟಕಿಯ ಸರಳಿನ ಮೇಲಿತ್ತು. ಬಸ್ಸು ಹೊರಟಿತು. ಅವನು ಅಲ್ಲಿಯೇ ಸ್ವಲ್ಪ ಹೊತ್ತು ನಿಂತಿದ್ದ, ಧೂಳು ಕೂರಲಿ ಎಂದು ನಿಲ್ಲುವವರ ಹಾಗೆ. ಪದ ಮುಗಿದ ಮೇಲೆ ಉಳಿದ ಚಿಪ್ಪು ಹಿಡಿದುಕೊಂಡು ಒಳಗೆ ಬಂದ.

"ಚಹಾ ತರಸ್ಲೇನು ಅಮ್ಮೀ?" ಎಂದ.

"ತರಸು," ಎಂದಳು ಖಾಲಾ.

ಅಷ್ಟೇ ನಡೆದದ್ದು. ಚಿಗವ್ವ ಆ ಸಂಜೆ ವೇದಿಕೆಯ ಮೇಲೆ ರೂಢಿಯಿಂದ ಒತ್ತಿದಳೋ ಬೇಕೆಂದೇ ಒತ್ತಿದಳೋ ಗೊತ್ತಿಲ್ಲ, ಇಂದಿಗೂ ಕೇಳಿದರೆ ಒತ್ತಿಲ್ಲ ಎನ್ನುತ್ತಾಳೆ. ಹುಬ್ಬಳ್ಳಿಯ ನಂಬರು ಈಗ ಚಾಲ್ತಿಯಲ್ಲಿಲ್ಲ. ಆ ಹುಡುಗಿ ಯಾರೆಂದು ಖಾಲಾಗೆ ನನ್ನಿಂದ ಇನ್ನೂ ಹೇಳಲಾಗಿಲ್ಲ. ಬಸ್ಸಿನ ಸದ್ದಿನಲ್ಲಿ ತಾರಿಖ್‌ಗೆ ತಾಯಿಯ ದನಿ ಕೇಳಿಸಿತೋ ಇಲ್ಲವೋ, ಕೇಳಿಸಿದ್ದರೆ ಅದು ಟಿವಿಯಲ್ಲಿ ಬಂದ ದನಿಯಲ್ಲ ಎಂದು ತಿಳಿಯಿತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.